ವಾರವಿಡೀ ಬರಿತಲೆ, ವರ್ಷಕ್ಕೆ ಎಂಟು ದಿನ ಹೆಲ್ಮೆಟ್: ಒಂದು ಓಪನ್ ಕಾರಿಗೆ ರೋಲ್ ಬಾರ್ ಆರಿಸಿದ ಪ್ರಕರಣ

ಕಾರು ಮಾಜ್ದಾ ಎಂಎಕ್ಸ್-5, ಎರಡನೇ ತಲೆಮಾರಿನದು, 2001ರ ಮಾದರಿ. ಎಂಜಿನ್ 1.8 ಲೀಟರ್, ತೂಕ ಸುಮಾರು 1,065 ಕೆಜಿ. ಬಟ್ಟೆಯ ಮಡಚುವ ಟಾಪ್, ಅದರಲ್ಲಿ ಗಾಜಿನ ಹಿಂಕಿಟಕಿ. ಓಡಿಸುವವರ ಎತ್ತರ 183 ಸೆಂ.ಮೀ., ತೂಕ 86 ಕೆಜಿ. ವಾರದಲ್ಲಿ ಮೂರ್ನಾಲ್ಕು ದಿನ ಕೆಲಸಕ್ಕೆ ಹೋಗಿಬರುವುದು ಇದೇ ಕಾರಿನಲ್ಲಿ, ರಜೆಯಲ್ಲಿ ಪಕ್ಕದ ಸೀಟಿನಲ್ಲಿ ಮನೆಯವರು. ವರ್ಷಕ್ಕೆ ಏಳೆಂಟು ಟ್ರ್ಯಾಕ್ ಡೇ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ; ಅಲ್ಲಿ ಪಕ್ಕದ ಸೀಟಿನಲ್ಲಿ ತರಬೇತುದಾರರು. ಆಯೋಜಕರ ನಿಯಮ ಎರಡೇ ಸಾಲು: ಓಪನ್ ಕಾರಿಗೆ ರೋಲ್ ಬಾರ್ (ಕಾರು ಮಗುಚಿದರೆ ತಲೆ ನೆಲಕ್ಕೆ ತಾಗದಂತೆ ಸೀಟಿನ ಹಿಂದೆ ನಿಲ್ಲುವ ಉಕ್ಕಿನ ಕಮಾನು) ಇರಲೇಬೇಕು, ಮತ್ತು ಹೆಲ್ಮೆಟ್ಟಿನ ನೆತ್ತಿ ಬಾರ್‌ನಿಂದ ಮುಂಗಾಜಿನ ಚೌಕಟ್ಟಿಗೆ ಎಳೆದ ಗೆರೆಗಿಂತ ಕೆಳಗಿರಬೇಕು.

ಕೇಳಿದ ಪ್ರಶ್ನೆ "ಯಾವ ಬಾರ್ ಕೊಳ್ಳಲಿ?" ಎಂಬುದು. ಉತ್ತರ ಹುಡುಕಲು ಶುರುಮಾಡಬೇಕಾದದ್ದು ಸೀಟಿನಿಂದ. ಬಾರ್‌ನ ಆಯ್ಕೆಗಳು ಬೆರಳೆಣಿಕೆಯಷ್ಟು. ತಲೆ ಎಲ್ಲಿದೆ ಎಂಬುದು ತೀರ್ಮಾನವಾಗದೆ ಅವುಗಳಲ್ಲಿ ಯಾವುದು ಹೊಂದುತ್ತದೆಂದು ಹೇಳಲು ಬರುವುದಿಲ್ಲ. ಮೊದಲು ಬಾರ್ ತಂದು ಬೋಲ್ಟು ಬಿಗಿದು, ಆಮೇಲೆ ಹೆಲ್ಮೆಟ್ ಹಾಕಿ ಕುಳಿತು ನೋಡಿದವರು ಎರಡನೇ ಸಲ ದುಡ್ಡು ಖರ್ಚು ಮಾಡುತ್ತಾರೆ.

ಈ ಕಾರು ಪಲ್ಟಿ ಹೊಡೆದರೆ

ಸಮತಟ್ಟಾದ ಡಾಂಬರಿನ ಮೇಲೆ ಇಷ್ಟು ತಗ್ಗಿನ ಕಾರು ಸುಮ್ಮನೆ ಮಗುಚುವುದು ಅಪರೂಪ. ಅಡ್ಡಡ್ಡ ಜಾರುತ್ತಾ ಜಲ್ಲಿಯ ಹೊಂಡಕ್ಕೋ ಮೆತ್ತನೆಯ ಮಣ್ಣಿಗೋ ಇಳಿದಾಗ ಚಕ್ರಗಳು ಹೂತು ನಿಲ್ಲುತ್ತವೆ, ಮೈಮಾತ್ರ ಮುಂದಕ್ಕೆ ಹೋಗುತ್ತದೆ. ಆಗ ಪಲ್ಟಿ. ಬಟ್ಟೆಯ ಟಾಪ್ ಲೆಕ್ಕಕ್ಕೇ ಇಲ್ಲ. ಮೇಲೆ ಕೂರಿಸುವ ಹಾರ್ಡ್‌ಟಾಪ್ ಕೂಡ ಮಳೆಗೆ ಚಾವಣಿಯೇ ಹೊರತು ಭಾರ ಹೊರುವ ವಸ್ತುವಲ್ಲ. ಅಮೆರಿಕದ ಚಾವಣಿ-ಬಲದ ನಿಯಮವಾದ ಎಫ್‌ಎಂವಿಎಸ್‌ಎಸ್ 216 ಕನ್ವರ್ಟಿಬಲ್ ಕಾರುಗಳನ್ನು ಹೊರಗೇ ಇಟ್ಟಿದೆ. ಮುಂಗಾಜಿನ ಚೌಕಟ್ಟು ಒಂದಿಷ್ಟು ತಡೆದೀತು, ಆದರೆ ಕಾರಿನ ಮೂತಿಯ ಭಾರ ಅದರ ಮೇಲೆ ಬಿದ್ದರೆ ಹಿಂದಕ್ಕೆ ಮಡಚಿಕೊಳ್ಳಬಹುದು. ಅಂದರೆ ಈ ಕಾರಿನಲ್ಲಿ ತಲೆಗೂ ನೆಲಕ್ಕೂ ನಡುವೆ ನಂಬಬಹುದಾದ ಉಕ್ಕು ಯಾವುದೂ ಇಲ್ಲ. ಏನಿದ್ದರೂ ನಾವೇ ತಂದು ಕೂರಿಸಬೇಕು.

ಅಳತೆ

ಬೇಕಾದ್ದು ಎರಡು ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿ, ಟೇಪು, ರಸಮಟ್ಟ, ಜೊತೆಗೊಬ್ಬರು. ಓಡಿಸುವವರು ಟ್ರ್ಯಾಕಿನಲ್ಲಿ ಹಾಕುವ ಹೆಲ್ಮೆಟ್ಟನ್ನೇ ಹಾಕಿ, ಬೆಲ್ಟು ಬಿಗಿದು, ಕ್ಲಚ್ಚನ್ನು ಪೂರ್ತಿ ಒತ್ತಬಲ್ಲ ಭಂಗಿಯಲ್ಲಿ ಕೂರಬೇಕು. ಫೋಟೋಗೆ ಕುಳಿತಂತೆ ಕುಗ್ಗಿ ಕೂತರೆ ಅಳತೆ ಸುಳ್ಳಾಗುತ್ತದೆ.

ಮುಂಗಾಜಿನ ಚೌಕಟ್ಟಿನ ಮೇಲಂಚನ್ನು ಸೊನ್ನೆ ಎಂದು ಹಿಡಿದರೆ, ಈ ಪ್ರಕರಣದಲ್ಲಿ ಬಾರ್‌ನ ಮೇನ್ ಹೂಪ್, ಅಂದರೆ ಮುಖ್ಯ ಕಮಾನು, ನಿಲ್ಲುವ ಜಾಗ 90 ಸೆಂ.ಮೀ. ಹಿಂದಕ್ಕಿದೆ. ಹೆಲ್ಮೆಟ್ಟಿನ ನೆತ್ತಿ 60 ಸೆಂ.ಮೀ. ಹಿಂದಕ್ಕಿದ್ದು, ಮೂಲ ಸೀಟಿನಲ್ಲಿ ಸೊನ್ನೆಗಿಂತ 7 ಸೆಂ.ಮೀ. ಮೇಲಿದೆ. ಎತ್ತರದವರು ಈ ಕಾರಿನಲ್ಲಿ ಚೌಕಟ್ಟಿನ ಮೇಲಿಂದ ನೋಡುವುದು ಹೊಸತೇನಲ್ಲ.

ಎದುರಿಗಿದ್ದ ಬಾರ್‌ಗಳು ಎರಡು ಎತ್ತರದವು. ಬಟ್ಟೆಯ ಟಾಪ್ ಮುಚ್ಚಿದರೂ ಅದರಡಿ ಹಿಡಿಯುವ ತಗ್ಗಿನ ಬಾರ್, ಚೌಕಟ್ಟಿಗಿಂತ 7.5 ಸೆಂ.ಮೀ. ಮೇಲೆ. ಟಾಪ್ ಕಿತ್ತರೆ ಮಾತ್ರ ಹಿಡಿಯುವ ಎತ್ತರದ ಬಾರ್, 12 ಸೆಂ.ಮೀ. ಮೇಲೆ. ಹೆಲ್ಮೆಟ್ ಇರುವುದು ದೂರದ ಮೂರನೇ ಎರಡರಷ್ಟರಲ್ಲಿ. ಹಾಗಾಗಿ ತಗ್ಗಿನ ಬಾರ್‌ನ ಗೆರೆ ಅಲ್ಲಿ 5 ಸೆಂ.ಮೀ. ಎತ್ತರದಲ್ಲಿ ಹಾಯುತ್ತದೆ, ಎತ್ತರದ್ದು 8 ಸೆಂ.ಮೀ.ನಲ್ಲಿ. ಮೂಲ ಸೀಟಿನಲ್ಲಿ ಮೊದಲನೆಯದಕ್ಕೆ ಹೆಲ್ಮೆಟ್ 2 ಸೆಂ.ಮೀ. ಮೇಲೇಳುತ್ತದೆ, ಎರಡನೆಯದಕ್ಕೆ 1 ಸೆಂ.ಮೀ. ಕೆಳಗೆ ಉಳಿಯುತ್ತದೆ.

"ಕೆಳಗಿದ್ದರೆ ಸಾಕು" ಎಂಬುದು ಆಯೋಜಕರ ಕನಿಷ್ಠ. ಪಲ್ಟಿಯಾದಾಗ ಬೆಲ್ಟು ಹಿಗ್ಗುತ್ತದೆ, ಮೈ ಸೀಟಿನಿಂದ ಮೇಲೇಳುತ್ತದೆ, ಬಾರ್ ತಾನೂ ಒಂದಿಷ್ಟು ಬಾಗುತ್ತದೆ. ಒಂದು ಸೆಂಟಿಮೀಟರು ಇವುಗಳಲ್ಲಿ ಯಾವುದಕ್ಕೂ ಸಾಲದು. ಅಮೆರಿಕದ ಹವ್ಯಾಸಿ ರೇಸಿಂಗಿನಲ್ಲಿ ರೂಢಿಯಲ್ಲಿರುವ ಎರಡು ಇಂಚನ್ನು, ಅಂದರೆ 5 ಸೆಂ.ಮೀ. ಎಡೆಯನ್ನು, ಇಲ್ಲಿ ಗುರಿಯಾಗಿ ಇಟ್ಟುಕೊಳ್ಳಲಾಯಿತು. ಮುಂಗಾಜಿನ ಚೌಕಟ್ಟು ಮಡಚಿಕೊಳ್ಳಬಹುದು ಎಂದು ಮೇಲೆ ಹೇಳಿದ್ದರಿಂದ, ಆ ಎಡೆಯೂ ಧಾರಾಳವಲ್ಲ ಎಂಬುದು ನೆನಪಿರಲಿ.

ಈ ಲೆಕ್ಕದಲ್ಲೊಂದು ಸಂಗತಿ ಅಡಗಿದೆ. ಬಾರನ್ನು 4.5 ಸೆಂ.ಮೀ. ಎತ್ತರಿಸಿದರೆ ಹೆಲ್ಮೆಟ್ ಇರುವಲ್ಲಿ ಸಿಗುವುದು 3 ಸೆಂ.ಮೀ. ಮಾತ್ರ. ಸೀಟನ್ನು 4 ಸೆಂ.ಮೀ. ಇಳಿಸಿದರೆ ನಾಲ್ಕಕ್ಕೆ ನಾಲ್ಕೂ ಸಿಗುತ್ತದೆ. ಮೂಲ ಸೀಟಿನ ಅಡಿಯ ಫೋಮನ್ನು ಕೊರೆದು ತೆಗೆದರೆ ಸುಮಾರು 4 ಸೆಂ.ಮೀ. ಇಳಿಯುತ್ತದೆ: ತಗ್ಗಿನ ಬಾರ್‌ಗೆ ಎಡೆ 2, ಎತ್ತರದ್ದಕ್ಕೆ 5. ಹಳಿ ಇಲ್ಲದೆ ನೆಲಕ್ಕೇ ಕೂರಿಸಿದ, ಬೆನ್ನು ಮಡಚದ ಬಕೆಟ್ ಸೀಟು ಈ ಮೈಗೆ 7 ಸೆಂ.ಮೀ. ಇಳಿಸಿತು: ತಗ್ಗಿನ ಬಾರ್‌ಗೆ ಎಡೆ 5, ಎತ್ತರದ್ದಕ್ಕೆ 8.

ಬರಿತಲೆಯ ಲೆಕ್ಕ

ಅಂಕಿಗಳನ್ನಷ್ಟೇ ನೋಡಿದರೆ ಎತ್ತರದ ಬಾರ್, ಇಲ್ಲವೇ ಪೂರ್ತಿ ರೋಲ್ ಕೇಜ್ (ಕೂರುವ ಜಾಗವನ್ನು ಸುತ್ತುವರಿಯುವ ಉಕ್ಕಿನ ಪಂಜರ) ಒಳ್ಳೆಯದೆನಿಸುತ್ತದೆ. ಆದರೆ ಈ ಕಾರಿನಲ್ಲಿ ಹೆಲ್ಮೆಟ್ ಇರುವ ಒಂದು ದಿನಕ್ಕೆ ಹೆಲ್ಮೆಟ್ ಇಲ್ಲದ ಇಪ್ಪತ್ತು ದಿನಗಳಿವೆ. ಪೂರ್ತಿ ಕೇಜಿನಲ್ಲಿ ಕಿವಿಯ ಮೇಲೊಂದು, ಹಣೆಯ ಮುಂದೊಂದು ಉಕ್ಕಿನ ಕೊಳವೆ ಹಾಯುತ್ತದೆ. ಹೆಲ್ಮೆಟ್ ಹಾಕಿ, ಆರು ಪಟ್ಟಿಯ ಹಾರ್ನೆಸ್ಸಿನಲ್ಲಿ (ಭುಜ, ಸೊಂಟ, ತೊಡೆಸಂದುಗಳನ್ನು ಹಿಡಿಯುವ ರೇಸಿಂಗ್ ಬೆಲ್ಟು) ಬಿಗಿದು ಕುಳಿತವರಿಗೆ ಅದು ರಕ್ಷಣೆ. ಮೂರು-ಬಿಂದುವಿನ ಬೆಲ್ಟಿನಲ್ಲಿ ಬರಿತಲೆಯಿಂದ ಕುಳಿತವರಿಗೆ, ಸಿಗ್ನಲ್ಲಿನಲ್ಲಿ ಯಾರೋ ಪಕ್ಕಕ್ಕೆ ಗುದ್ದಿದರೂ ತಲೆ ನೇರ ಆ ಕೊಳವೆಗೆ. ರಸ್ತೆಯಲ್ಲಿ ಅಂಥ ಗುದ್ದು ಟ್ರ್ಯಾಕಿನ ಪಲ್ಟಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಆಗುವಂಥದ್ದು. ಈ ಒಂದು ಕಾರಣಕ್ಕೇ ಪೂರ್ತಿ ಕೇಜನ್ನು ಪಟ್ಟಿಯಿಂದ ತೆಗೆಯಲಾಯಿತು. ಬಾಗಿಲಿನ ಕೊಳವೆ ದಾಟಿ ಹತ್ತಿಳಿಯುವ ಕಷ್ಟ, ಟಾಪ್ ಹೋಗುವುದು, ಇವೆಲ್ಲ ಆಮೇಲಿನ ಮಾತು.

ರಸ್ತೆಗೂ ಓಡುವ ಕಾರಿನಲ್ಲಿ ಉಕ್ಕು ಏನಿದ್ದರೂ ತಲೆಯ ಹಿಂದಿರಬೇಕು. ಆದರೆ ಹಿಂದಿರುವುದೂ ಪೂರ್ತಿ ನಿರಪಾಯವಲ್ಲ. ಹಿಂದಿನಿಂದ ಗುದ್ದಿಸಿಕೊಂಡಾಗ ಮೂಲ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ. ಎಂಎಕ್ಸ್-5ನಲ್ಲಿ ಸೀಟಿಗೂ ಬಾರ್‌ಗೂ ನಡುವೆ ಇರುವುದು ಅಂಗೈಯಗಲದ ಜಾಗ. ಬಾಗಿದ ಬೆನ್ನಿನ ಜೊತೆ ತಲೆಯೂ ಹಿಂದಕ್ಕೆ ಹೋಗಿ ಡಯಾಗನಲ್ ಕೊಳವೆಗೋ (ಹೂಪಿನೊಳಗೆ ಓರೆಯಾಗಿ ಹಾಯುವುದು) ಹಾರ್ನೆಸ್ ಬಾರ್‌ಗೋ (ಭುಜದ ಪಟ್ಟಿಗಳನ್ನು ಕಟ್ಟುವ ಅಡ್ಡಕೊಳವೆ) ಬಡಿಯಬಹುದು. ಬೆನ್ನು ಮಡಚದ ಬಕೆಟ್ ಸೀಟು ಇಲ್ಲಿ ಎರಡನೇ ಕೆಲಸ ಮಾಡುತ್ತದೆ: ತಲೆಯ ಹಿಂದೆ ಅದರ ಚಿಪ್ಪು ನಿಲ್ಲುತ್ತದೆ, ಅದು ಸುಲಭಕ್ಕೆ ಬಾಗುವುದಿಲ್ಲ. ಸೀಟು ಇಳಿಸಲೆಂದು ನೋಡಿದ ಬಕೆಟ್ಟೇ ಬರಿತಲೆಗೂ ಉತ್ತರವಾಯಿತು. ತಗ್ಗಿನ ಬಾರ್ ಮತ್ತು ಬಕೆಟ್ ಸೀಟು ಎಂಬ ಜೋಡಿ ತೀರ್ಮಾನವಾದದ್ದು ಇಲ್ಲಿಯೇ. ಟಾಪ್ ಉಳಿಯಿತು, 5 ಸೆಂ.ಮೀ. ಎಡೆಯೂ ಸಿಕ್ಕಿತು.

ಫೋಮ್ ತೆಗೆದ ಮೂಲ ಸೀಟು ಅಗ್ಗದ ದಾರಿ. 175 ಸೆಂ.ಮೀ. ಆಸುಪಾಸಿನವರಿಗೆ ಅದೇ ಸಾಕಾಗಬಹುದು. ಈ ಪ್ರಕರಣದಲ್ಲಿ ಅದು ತಗ್ಗಿನ ಬಾರ್‌ನೊಂದಿಗೆ 2 ಸೆಂ.ಮೀ.ಗೆ ನಿಂತಿತು, ಬೆನ್ನು ಬಾಗುವ ಸಮಸ್ಯೆ ಹಾಗೆಯೇ ಉಳಿಯಿತು.

ಬಾರ್‌ಗೆ ಸುತ್ತುವ ಪ್ಯಾಡಿಂಗಿನ ಬಗ್ಗೆ ಒಂದು ಮಾತು. ನೀರಿನ ಪೈಪಿಗೆ ಸುತ್ತುವ ಮೆತ್ತನೆಯ ಕಪ್ಪು ಫೋಮ್ ಬೆರಳಿನಲ್ಲಿ ಒತ್ತಿದರೇ ಕೊಳವೆ ಸಿಗುತ್ತದೆ. ಅದು ಇದ್ದೂ ಇಲ್ಲದಂತೆ. ಬೇಕಾದ್ದು ಎಸ್‌ಎಫ್‌ಐ 45.1 ಅಥವಾ ಎಫ್‌ಐಎ 8857-2001 ಎಂಬ ರೇಸಿಂಗ್ ಸುರಕ್ಷತಾ ಮಾನದಂಡದ ಗುರುತಿನ ಗಟ್ಟಿ ಪ್ಯಾಡಿಂಗ್. ಅದು ಉಗುರಿಗೆ ಮರದಂತೆ ತಾಗುತ್ತದೆ, ಕೊಂಡವರಿಗೆ ಮೋಸಹೋದೆವೇನೋ ಅನ್ನಿಸುವಷ್ಟು ಗಟ್ಟಿ. ಅದು ರೂಪಿತವಾಗಿರುವುದು ಹೆಲ್ಮೆಟ್ ಹಾಕಿದ ತಲೆಗೆ. ಬರಿತಲೆಗೆ ಪ್ಯಾಡಿಂಗಿಗಿಂತ ದೂರವೇ ಮದ್ದು.

ಕೊಳವೆ

ತಗ್ಗಿನ ಬಾರ್ ಎಂದರೂ ಎಲ್ಲವೂ ಒಂದೇ ಅಲ್ಲ. ಚಂದಕ್ಕೆಂದು ಮಾರುವ ಬಾರ್‌ಗಳು ಹೊರನೋಟಕ್ಕೆ ಹಾಗೆಯೇ ಇರುತ್ತವೆ: ಹೊಳೆಯುವ ಕ್ರೋಮ್, ಎರಡು ಗೂನು, ಸೀಟಿನ ಹಿಂದಿನ ತೆಳು ತಗಡಿಗೆ ನಾಲ್ಕು ಬೋಲ್ಟು. ಹಿಂದಕ್ಕೆ ಆನಿಕೆ ಇರುವುದಿಲ್ಲ.

ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿ ಮೇನ್ ಹೂಪಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ (ಅಥವಾ 50 ಮಿ.ಮೀ., 2.0 ಮಿ.ಮೀ.) ಬೆಸುಗೆ ಸಾಲಿಲ್ಲದ ಉಕ್ಕಿನ ಕೊಳವೆ ಕೇಳುತ್ತದೆ. ಉಳಿದ ಭಾಗಗಳಿಗೆ 38 ಮಿ.ಮೀ., 2.5 ಮಿ.ಮೀ. ದಪ್ಪ. ಟ್ರ್ಯಾಕ್ ಡೇಗೆ ಈ ನಿಯಮ ಕಡ್ಡಾಯವಲ್ಲದಿದ್ದರೂ ಅಳತೆಗೋಲಾಗಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬಾಗುವಿಕೆಯನ್ನು ತಡೆಯುವ ಶಕ್ತಿಯನ್ನು ಲೆಕ್ಕ ಹಾಕಿದರೆ 45×2.5ರ ಕೊಳವೆಯ ಸೆಕ್ಷನ್ ಮಾಡ್ಯುಲಸ್ ಸುಮಾರು 3,360 ಘನ ಮಿ.ಮೀ.; ಚಂದದ ಬಾರ್‌ನಲ್ಲಿ ಕಾಣುವಂಥ 38×1.5ರದ್ದು 1,510. ಒಂದೇ ಉಕ್ಕಾದರೂ ಅರ್ಧದಷ್ಟೂ ಇಲ್ಲ, ಮಾರು ದೂರದಿಂದ ನೋಡಿದವರಿಗೆ ವ್ಯತ್ಯಾಸವೇ ಕಾಣದು.

ತೂಕ ಹೀಗೆ ಬರುತ್ತದೆ. 45×2.5 ಮೀಟರಿಗೆ 2.62 ಕೆಜಿ, 38×2.5 ಮೀಟರಿಗೆ 2.19 ಕೆಜಿ. ಹೂಪ್ 2.6 ಮೀಟರು ಎಂದರೆ 6.8 ಕೆಜಿ. ಎರಡು ಹಿಂಗಾಲು (ಹೂಪಿಗೆ ಹಿಂದಿನಿಂದ ಆನಿಕೆ ಕೊಡುವ ಕೊಳವೆಗಳು), ಒಂದು ಡಯಾಗನಲ್, ಹಾರ್ನೆಸ್ ಬಾರ್ ಸೇರಿ 3.7 ಮೀಟರಿಗೆ 8.1 ಕೆಜಿ. ಪಾದ, ತಟ್ಟೆ, ಬೋಲ್ಟು ಸುಮಾರು 3 ಕೆಜಿ. ಒಟ್ಟು 18 ಕೆಜಿ. ಯಾರಾದರೂ 9 ಕೆಜಿಯ ಉಕ್ಕಿನ ಬಾರ್ ತೋರಿಸಿ ಇದೂ ಅಷ್ಟೇ ಗಟ್ಟಿ ಎಂದರೆ ಲೆಕ್ಕ ಕೂಡುವುದಿಲ್ಲ.

ಬಾರ್ ಕೈಗೆ ಬಂದ ಮೇಲೆ ನೋಡಬೇಕಾದ್ದು ಮೊದಲು ಬಾಗು. ಬಾಗಿನ ತ್ರಿಜ್ಯ, ಕೊಳವೆಯ ನಡುಗೆರೆಗೆ ಹಿಡಿದಂತೆ, ವ್ಯಾಸದ ಮೂರು ಪಟ್ಟಾದರೂ ಇರಬೇಕು. 45ರ ಕೊಳವೆಗೆ 135 ಮಿ.ಮೀ. ಬಾಗಿನಲ್ಲಿ ವರ್ನಿಯರ್ ಇಟ್ಟು ಎರಡು ದಿಕ್ಕಿನಲ್ಲಿ ಅಳೆದಾಗ ಚಿಕ್ಕ ಅಳತೆ ದೊಡ್ಡದರ 0.9ಕ್ಕಿಂತ ಕಡಿಮೆ ಬರಬಾರದು. ಒಳಬದಿಯಲ್ಲಿ ಸುಕ್ಕು ಕಂಡರೆ ಮಾತೇ ಬೇಡ, ವಾಪಸ್. ಹಿಂಗಾಲುಗಳು ನೇರವಾಗಿರಬೇಕು, ಲಂಬದಿಂದ ಕನಿಷ್ಠ 30 ಡಿಗ್ರಿ ಹಿಂದಕ್ಕೆ ವಾಲಿರಬೇಕು. ಇಲ್ಲದಿದ್ದರೆ ಮುಂದಿನಿಂದ ಬಂದ ಒತ್ತಡಕ್ಕೆ ಹೂಪ್ ಹಿಂದಕ್ಕೆ ಮಲಗುತ್ತದೆ. ಡಯಾಗನಲ್‌ನ ಮೇಲ್ತುದಿ ಓಡಿಸುವವರ ತಲೆಯ ಬದಿಗಿರಲಿ, ಹೂಪಿಗೆ ಹಿಂಗಾಲು ಸೇರುವ ಜಾಗಕ್ಕೆ ಹತ್ತಿರ. ಈ ಕಾರಿನಲ್ಲಿ ತರಬೇತುದಾರರೂ ಕೂರುವುದರಿಂದ ಒಂದನ್ನೊಂದು ಅಡ್ಡ ದಾಟುವ ಎರಡು ಡಯಾಗನಲ್ ಇರುವುದನ್ನೂ ನೋಡಲಾಯಿತು. ಆದರೆ ಅದರ ನಡುಗಂಟು ಹಿಂಕಿಟಕಿಗೆ ಅಡ್ಡ ಬಂದು ಕನ್ನಡಿಯಲ್ಲಿ ಹಿಂದಿನ ವಾಹನ ಅರ್ಧ ಮರೆಯಾಗುತ್ತಿತ್ತು. ದಿನವೂ ರಸ್ತೆಗಿಳಿಯುವ ಕಾರಿಗೆ ಅದು ಸಣ್ಣ ವಿಷಯವಲ್ಲ. ಒಂದೇ ಡಯಾಗನಲ್ ಉಳಿಯಿತು.

ದಪ್ಪವನ್ನು ಕಾಗದದಲ್ಲಿ ನಂಬದೆ ಕಣ್ಣಲ್ಲಿ ನೋಡಲು ಹೂಪಿನ ಕೆಳಭಾಗದಲ್ಲಿ ಸುಮಾರು 5 ಮಿ.ಮೀ.ನ ತಪಾಸಣೆ ತೂತು ಕೇಳಿ. ಕ್ರೋಮ್ ಹೊದಿಕೆ ಬೇಡ. ಅದರಡಿ ಬೆಸುಗೆಯ ಬಿರುಕು ಕಾಣುವುದಿಲ್ಲ.

ಬೆಲ್ಟು

ಬಾರ್ ಬಂದ ಕೂಡಲೇ ಹಾರ್ನೆಸ್ ಹಾಕಿಸುವ ಆಸೆ ಹುಟ್ಟುತ್ತದೆ. ಬಾರ್ ಇಲ್ಲದ ಕಾರಿಗೆ ಹಾರ್ನೆಸ್ ಹಾಕುವುದು ಅಪಾಯ ಎಂಬುದು ಬಹಳ ಮಂದಿಗೆ ಗೊತ್ತು, ಏಕೆಂದರೆ ಪಲ್ಟಿಯಾದಾಗ ಅದು ಮೈಯನ್ನು ನೆಟ್ಟಗೆ ಕಟ್ಟಿಹಾಕಿ ಕುಸಿಯುವ ಚಾವಣಿಗೆ ತಲೆಯನ್ನೇ ಒಡ್ಡುತ್ತದೆ. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದು: ಹಾರ್ನೆಸ್ ಭುಜಗಳನ್ನು ಹಿಡಿದು ನಿಲ್ಲಿಸಿದಾಗ ಮುಂದಿನ ಗುದ್ದಿಗೆ ತಲೆಯೊಂದೇ ಮುನ್ನುಗ್ಗುತ್ತದೆ, ಕತ್ತಿನ ಮೇಲೆ, ತಲೆಬುರುಡೆಯ ಬುಡದ ಮೇಲೆ ಆ ಎಳೆತವೆಲ್ಲ ಬೀಳುತ್ತದೆ. ಅದಕ್ಕೆ ಹ್ಯಾನ್ಸ್‌ನಂಥ ಕತ್ತಿನ ರಕ್ಷಣೆ ಬೇಕೇ ಬೇಕು. ತೊಡೆಸಂದಿನ ಪಟ್ಟಿ ಇಲ್ಲದ ನಾಲ್ಕು ಪಟ್ಟಿಯ ಹಾರ್ನೆಸ್ಸಿನಲ್ಲಿ ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ಎಳೆಯುತ್ತವೆ, ಮೈ ಅಡಿಯಿಂದ ಜಾರುತ್ತದೆ. ಹಾಗಾಗಿ ಇಲ್ಲಿ ಬಾರ್, ಬಕೆಟ್ ಸೀಟು, ಆರು ಪಟ್ಟಿಯ ಹಾರ್ನೆಸ್, ಹ್ಯಾನ್ಸ್ ನಾಲ್ಕೂ ಒಟ್ಟಿಗೆ ಬರಬೇಕು. ಕೈಯಲ್ಲಿ ಅಷ್ಟು ಹಣ ಸದ್ಯಕ್ಕಿಲ್ಲವೆಂದರೆ ಬಾರ್ ಹಾಕಿ, ಸೀಟು ಇಳಿಸಿ, ಮೂಲದ ಮೂರು-ಬಿಂದುವಿನ ಬೆಲ್ಟಿನಲ್ಲೇ ಒಂದು ವರ್ಷ ಓಡಿಸುವುದು ಅರೆಬರೆ ಹಾರ್ನೆಸ್ಸಿಗಿಂತ ಎಷ್ಟೋ ಮೇಲು.

ಇಲ್ಲೊಂದು ಎಡವಟ್ಟು ಸಿಕ್ಕಿತು, ಅದೂ ಸೀಟು ಇಳಿಸಿದ್ದರಿಂದಲೇ. ಹ್ಯಾನ್ಸ್ ಜೊತೆ ಭುಜದ ಪಟ್ಟಿಗಳು ಹಿಂದಕ್ಕೆ ಹೋಗುವಾಗ ಮಟ್ಟದಿಂದ 0ರಿಂದ 20 ಡಿಗ್ರಿಯಷ್ಟು ಇಳಿಯಬೇಕು, ಸುಮಾರು 10 ಒಳ್ಳೆಯದು. ಭುಜದಿಂದ ಹಾರ್ನೆಸ್ ಬಾರ್‌ಗೆ 25 ಸೆಂ.ಮೀ. ದೂರವಿದ್ದರೆ ಬಾರ್ ಭುಜಕ್ಕಿಂತ 4.4 ಸೆಂ.ಮೀ. ಕೆಳಗೆ, ಹೆಚ್ಚೆಂದರೆ 9 ಸೆಂ.ಮೀ. ಕೆಳಗೆ. ಮೂಲ ಸೀಟಿಗೆ ಸರಿಯಾಗಿ 5 ಸೆಂ.ಮೀ. ಕೆಳಗಿದ್ದ ಹಾರ್ನೆಸ್ ಬಾರ್, ಸೀಟು 7 ಸೆಂ.ಮೀ. ಇಳಿದಾಗ ಭುಜಕ್ಕಿಂತ 2 ಸೆಂ.ಮೀ. ಮೇಲಾಗುತ್ತಿತ್ತು. ಪಟ್ಟಿ ಭುಜದಿಂದ ಮೇಲಕ್ಕೆ ಹತ್ತುತ್ತಿತ್ತು. ಹಾಗೆ ಹತ್ತುವ ಪಟ್ಟಿ ಭುಜವನ್ನು ಒತ್ತಿ ಹಿಡಿಯದೆ ಸಡಿಲ ಬಿಡುತ್ತದೆ. ಬಾರ್ ತಯಾರಕರಿಗೆ ಆರ್ಡರ್ ಕೊಡುವ ಮೊದಲೇ ಹೊಸ ಸೀಟಿನಲ್ಲಿ ಭುಜದ ಎತ್ತರ ಅಳೆದದ್ದರಿಂದ ಹಾರ್ನೆಸ್ ಬಾರನ್ನು 7 ಸೆಂ.ಮೀ. ತಗ್ಗಿಸಿ ಬೆಸೆಸಲು ಸಾಧ್ಯವಾಯಿತು. ಭುಜದ ಪಟ್ಟಿಯನ್ನು ಹಿಂದಿನ ನೆಲಕ್ಕೆ ಕಟ್ಟುವುದು ಉಪಾಯವಲ್ಲ. ಗುದ್ದಿದಾಗ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಜಜ್ಜುತ್ತದೆ.

ರಸ್ತೆಗೆ ಮೂಲ ಬೆಲ್ಟು ಹಾಗೆಯೇ ಉಳಿಯಿತು. ಸೀಟಿನ ಹಿಂದಿನ ಗೋಪುರದಲ್ಲಿರುವ ಬೆಲ್ಟು ಸುತ್ತಿಕೊಳ್ಳುವ ರಿಟ್ರ್ಯಾಕ್ಟರಿಗೆ ಬಾರ್ ತಾಗದಂತೆ, ಬಕೆಟ್ಟಿನ ಪಕ್ಕೆಯ ಮೇಲೆ ಹಾಯ್ದರೂ ಸೊಂಟದ ಪಟ್ಟಿ ಮೂಳೆಯ ಮೇಲೇ ಕೂರುವಂತೆ ನೋಡಬೇಕಾಯಿತು. ತಲೆಯ ಎರಡೂ ಬದಿಗೆ ರೆಕ್ಕೆ ಇರುವ ಸೀಟು ಬೇಡವೆಂದದ್ದು ರಸ್ತೆಯಲ್ಲಿ ಪಕ್ಕದ ನೋಟ ಕಟ್ಟುತ್ತದೆಂಬ ಕಾರಣಕ್ಕೆ. ಪಕ್ಕದ ಸೀಟಿಗೂ ಅದೇ ಬಕೆಟ್, ಅದೇ ಹಾರ್ನೆಸ್. ಓಡಿಸುವವರಿಗೊಂದು ರಕ್ಷಣೆ, ಕಲಿಸಲು ಬಂದವರಿಗೊಂದು ಎಂಬ ಭೇದ ಅನೇಕ ಆಯೋಜಕರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಹೆಲ್ಮೆಟ್ ಎಸ್‌ಎ ಗುರುತಿನದೇ ಇರಲಿ. ಸ್ನೆಲ್ ಸಂಸ್ಥೆಯ ಎಸ್‌ಎ ಪರೀಕ್ಷೆಯಲ್ಲಿ ರೋಲ್ ಬಾರ್‌ಗೆ ಬಡಿಯುವ ಪರೀಕ್ಷೆಯೂ ಬೆಂಕಿಯ ಪರೀಕ್ಷೆಯೂ ಇವೆ. ಬೈಕಿನ ಎಂ ಗುರುತಿನಲ್ಲಿ ಇವೆರಡೂ ಇಲ್ಲ.

ಕೂರಿಸುವುದು

ಸೀಟು, ಕಾರ್ಪೆಟ್, ಹಿಂಭಾಗದ ಪ್ಲಾಸ್ಟಿಕ್ಕುಗಳನ್ನು ತೆಗೆದು, ಟಾಪನ್ನು ಮಡಚಿ ಕಟ್ಟಿ, ಬಾರನ್ನು ಒಳಗಿಳಿಸಿ ಪಾದಗಳ ಗುರುತು ಹಾಕಿಕೊಳ್ಳಬೇಕು. ತೂತು ಕೊರೆಯುವ ಮೊದಲು ಆಚೆ ಬದಿಯಲ್ಲಿ ಏನಿದೆ ಎಂದು ಕಾರಿನಡಿ ಮಲಗಿ ನೋಡಲೇಬೇಕು. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಸೀಟುಗಳ ಹಿಂದಿನ ಹಲಗೆಯ ಕೆಳಗೇ ಇದೆ. ಡ್ರಿಲ್ಲಿಗೆ ಆಳದ ತಡೆ ಹಾಕಿ, ಮೊದಲು 3 ಮಿ.ಮೀ., ಆಮೇಲೆ ಪೂರ್ತಿ ಅಳತೆ. ಟಾಪ್‌ನ ಮಳೆನೀರು ಇಳಿಯುವ ಕೊಳವೆಗಳೂ ಇದೇ ಮೂಲೆಯಲ್ಲಿ ಹಾಯುತ್ತವೆ. ಅವು ಪಾದದಡಿ ನಜ್ಜಿದರೆ ಮೊದಲ ಮಳೆಗೆ ಕಾರ್ಪೆಟ್ ನೆನೆದು, ವರ್ಷದೊಳಗೆ ಬಾರ್ ನಿಂತ ತಗಡೇ ತುಕ್ಕು ಹಿಡಿಯುತ್ತದೆ.

ಬಾರ್‌ನ ಗಟ್ಟಿತನ ಪಾದದಲ್ಲಿ ಮುಗಿಯುತ್ತದೆ. ಮಾನೋಕಾಕ್ ಮೈಯ (ಬೇರೆ ಚಾಸಿ ಇಲ್ಲದೆ ಮೈಯೇ ಭಾರ ಹೊರುವಂಥದ್ದು) ತಗಡು ಒಂದು ಮಿಲಿಮೀಟರಿನ ಆಸುಪಾಸಿನದು. ಬರೀ ವಾಷರ್ ಹಾಕಿ ಬಿಗಿದರೆ ಪಲ್ಟಿಯಲ್ಲಿ ಬೋಲ್ಟು ತಗಡನ್ನು ಹರಿದುಕೊಂಡು ಹೋಗುತ್ತದೆ, ಬಾರ್ ಚೂರೂ ಬಾಗದೆ ನೆಲದೊಳಕ್ಕೆ ಇಳಿಯುತ್ತದೆ. ಹೂಪಿನ ಪ್ರತಿ ಪಾದದಡಿ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ಹರವಿನ ತಟ್ಟೆ, ಅಂದರೆ ಅಂದಾಜು 10×12 ಸೆಂ.ಮೀ. ತಟ್ಟೆಯ ಅಂಚು, ಮೂಲೆಗಳನ್ನು ಅರದಿಂದ ದುಂಡಗೆ ಮಾಡಬೇಕು, ಇಲ್ಲವಾದರೆ ಅಂಚೇ ತಗಡನ್ನು ಕೊಯ್ಯುತ್ತದೆ. ನೆಲ ಡೊಂಕಿದ್ದಲ್ಲಿ ತಟ್ಟೆಯನ್ನು ಆ ಡೊಂಕಿಗೇ ಬಗ್ಗಿಸಿ ಕೂರಿಸಬೇಕು. ಬೋಲ್ಟು ಎಳೆದುಕೊಳ್ಳುತ್ತದೆ ಬಿಡು ಎಂದು ಬಿಟ್ಟರೆ ತಟ್ಟೆ ಎರಡು ಬಿಂದುವಿನಲ್ಲಿ ಮಾತ್ರ ಆನುತ್ತದೆ. ಪಾದಕ್ಕೆ ಕನಿಷ್ಠ ಮೂರು ಎಂ8 (8 ಮಿ.ಮೀ.) ಬೋಲ್ಟು, 8.8 ಬಲದ ದರ್ಜೆಯವು, ತಾನಾಗಿ ಸಡಿಲವಾಗದ ನೈಲಾಕ್ ನಟ್ಟಿನೊಂದಿಗೆ. ತಯಾರಕರು ಬೇರೆ ಹೇಳದಿದ್ದರೆ ಎಂ8ಕ್ಕೆ ಸುಮಾರು 25 ನ್ಯೂಟನ್-ಮೀಟರ್ ಟಾರ್ಕು, ಎಂ10 ಆದರೆ 48. ಕೊರೆದ ತೂತಿನ ಅಂಚಿಗೆ ಸತುವಿನ ಪ್ರೈಮರ್, ಒಣಗಿದ ಮೇಲೆ ಸೀಲರ್, ಆಮೇಲೆ ಬೋಲ್ಟು.

ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಸಡಿಲವಾಗಿ ಹಿಡಿಸಿ, ನಂತರ ಎದುರುಬದುರಾಗಿ ಸರದಿಯಲ್ಲಿ ಬಿಗಿಯಬೇಕು. ಒಂದು ಪಾದವನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕೊನೆಯ ತೂತು ಎರಡು ಮಿಲಿಮೀಟರು ತಪ್ಪುತ್ತದೆ, ಆಗ ತೂತು ಅಗಲಿಸುವ ಕೆಟ್ಟ ಆಸೆ ಬರುತ್ತದೆ.

ಬಕೆಟ್ ಸೀಟಿನ ಕಾಲುಗಳಿಗೂ ಇದೇ ಶಿಸ್ತು: ನಾಲ್ಕು ಬಿಂದು, ಎಂ8 ಬೋಲ್ಟು, ಬ್ರಾಕೆಟ್ 3 ಮಿ.ಮೀ. ಉಕ್ಕು ಅಥವಾ 5 ಮಿ.ಮೀ. ಅಲ್ಯೂಮಿನಿಯಂ. ಸೀಟಿನ ಚಿಪ್ಪು ಬಾರ್‌ಗೆ ಉಜ್ಜದಷ್ಟು ಎಡೆ ಬಿಟ್ಟು ಕೂರಿಸಿದಾಗ ಕಾಲಿಗೆ 2 ಸೆಂ.ಮೀ. ಜಾಗ ಕಡಿಮೆಯಾಯಿತು. ಸೀಟನ್ನು ಹಿಂದಕ್ಕೆ ತಳ್ಳಲು ಇನ್ನು ಜಾಗವಿರಲಿಲ್ಲ. ಸ್ಟೀರಿಂಗ್ ತೊಡೆಗೆ ತಾಗದಂತೆ ಸೀಟಿನ ಮುಂಭಾಗವನ್ನು ಸ್ವಲ್ಪ ಇಳಿಸಿ ಸರಿಮಾಡಬೇಕಾಯಿತು.

ಕೂರಿಸಿದ ಮೇಲೆ

ಎಲ್ಲ ಮುಗಿದು, ಹೆಲ್ಮೆಟ್ ಹಾಕಿ, ಹಾರ್ನೆಸ್ ಬಿಗಿದು ಮತ್ತೆ ಪಟ್ಟಿ ಇಟ್ಟು ಅಳೆದಾಗ ಎಡೆ 4.5 ಸೆಂ.ಮೀ. ಬಂತು. ಅರ್ಧ ಸೆಂಟಿಮೀಟರು ಹೋದದ್ದು ಸೀಟಿನ ಅಡಿಯ ಮೆತ್ತೆಯಲ್ಲಿ. 25 ಮಿ.ಮೀ.ನ ಮೆತ್ತೆ ತೆಗೆದು 15 ಮಿ.ಮೀ.ನ ಗಟ್ಟಿ ಫೋಮ್ ಹಾಕಿದ ಮೇಲೆ 5 ದಾಟಿತು. ಮೆತ್ತಗಿನ ಫೋಮ್ ಗುದ್ದಿನಲ್ಲಿ ಕುಸಿದು ಹಾರ್ನೆಸ್ಸನ್ನು ಸಡಿಲ ಮಾಡುತ್ತದೆ, ಹಾಗಾಗಿ ತೆಳುವಾದದ್ದು ಎರಡು ರೀತಿಯಲ್ಲೂ ಒಳ್ಳೆಯದಾಯಿತು.

ಪ್ರತಿ ನಟ್ಟಿನಿಂದ ತಟ್ಟೆಯವರೆಗೆ ಹಳದಿ ಪೇಂಟಿನಲ್ಲಿ ಒಂದು ಸಣ್ಣ ಗೆರೆ ಎಳೆಯಲಾಗಿದೆ. ಮೊದಲ ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ, ಮೊದಲ ಟ್ರ್ಯಾಕ್ ಡೇಯ ಮಧ್ಯಾಹ್ನ ಒಮ್ಮೆ ಟಾರ್ಚು ಹಿಡಿದು ನೋಡಬೇಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆ ನೆಟ್ಟಗಿದ್ದೂ ಟಾರ್ಕ್ ವ್ರೆಂಚು ಕ್ಲಿಕ್ ಎನ್ನುವ ಮೊದಲು ನಟ್ಟು ಇನ್ನೊಂದಿಷ್ಟು ಸುತ್ತಿದರೆ ತಟ್ಟೆಯಡಿಯ ಪೇಂಟು ಒತ್ತಿಹೋಗಿ ತಗಡು ಕುಳಿತಿದೆ ಎಂದರ್ಥ. ಬಿಗಿದು ಹೊಸ ಗೆರೆ ಎಳೆದು ಓಡಿಸಬಹುದು. ಎರಡನೇ ಸಲವೂ ಅದೇ ನಟ್ಟು ಸುತ್ತಿದರೆ ತಟ್ಟೆ ಬಿಚ್ಚಿ ಕೆಳಗಿನ ತಗಡನ್ನು ನೋಡದೆ ಆ ಕಾರನ್ನು ಟ್ರ್ಯಾಕಿಗೆ ಇಳಿಸಬಾರದು.